42 ಸಾವಿರದ ಕೇಬಲ್ ತಂದರೆ ಗುಂಯ್ ಎನ್ನುವ ಸದ್ದು ಹೋಗುತ್ತದೆಯೇ?

ಕುವೆಂಪುನಗರದ ಕೇಳುಗ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಚಿಕ್ಕದು, ಪೀಠಿಕೆ ಉದ್ದ. ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವನಿಗೆ ಹಿಂದಿನ ಬಾಕಿ ತೋರಿಸದೆ ಇಂದಿನ ಮೊತ್ತ ಹೇಳಲು ಬರುವುದಿಲ್ಲ.

ಮೈಸೂರಿನ ನಮ್ಮ ಮನೆಯ ಹಜಾರದಲ್ಲಿ ಇರುವುದಿಷ್ಟು: ಬೆಲ್ಟಿನಿಂದ ರೆಕಾರ್ಡು ತಿರುಗಿಸುವ ಒಂದು ಟರ್ನ್‌ಟೇಬಲ್, ಅದರ ಸೂಜಿ ಹಿಡಿಯುವ ಆಡಿಯೋ-ಟೆಕ್ನಿಕಾದ ವಿಎಂ95ಇ ಕಾರ್ಟ್ರಿಜ್, ಸೂಜಿಯ ಸಣ್ಣ ಸದ್ದನ್ನು ಗಟ್ಟಿ ಮಾಡುವ, ಊಟದ ಡಬ್ಬಿಗಿಂತ ಚಿಕ್ಕದಾದ ಫೋನೋ ಪ್ರಿಆಂಪ್, ಲ್ಯಾಪ್‌ಟಾಪಿನಿಂದ ಹಾಡು ಕೇಳಲು, ಡಿಜಿಟಲ್ ಅಂಕಿಗಳನ್ನು ಸದ್ದಿನ ಸಂಕೇತವಾಗಿಸುವ ಒಂದು ಡ್ಯಾಕ್, ಎಲ್ಲವೂ ಬಂದು ಸೇರುವ ಸ್ಟೀರಿಯೋ ಆಂಪ್ಲಿಫೈಯರ್, ರಾತ್ರಿ ಮನೆಯವರ ನಿದ್ದೆ ಕೆಡದಿರಲೆಂದು ಒಂದು ಹೆಡ್‌ಫೋನ್.

ಮೊದಲು ಇವೆಲ್ಲ ಕಿಟಕಿಯ ಪಕ್ಕದ ಕಡಪ ಕಲ್ಲಿನ ಮೇಲೆ ಒಟ್ಟಿಗೆ ಇದ್ದವು. ನನ್ನ ಹೆಂಡತಿ ಮನೆಯಲ್ಲಿ ವೀಣೆ ಪಾಠ ಹೇಳುತ್ತಾಳೆ. ದಸರಾ ರಜೆ ಮುಗಿಯುವ ಹೊತ್ತಿಗೆ ಶಿಷ್ಯರು ನಾಲ್ವರಿದ್ದವರು ಏಳಾದರು. ಏಳು ವೀಣೆಗಳಿಗೆ ಜಾಗ ಬೇಕಾಯಿತು. ಹಾಗಾಗಿ ಟರ್ನ್‌ಟೇಬಲ್ ಒಂದನ್ನು ಅಲುಗಾಡದ ಕಲ್ಲಿನ ಮೇಲೆ ಬಿಟ್ಟು, ಮಿಕ್ಕದ್ದನ್ನೆಲ್ಲ ಎದುರು ಗೋಡೆಯ ಟಿ.ವಿ. ಮೇಜಿಗೆ ಸಾಗಿಸಿದೆ. ನಡುವೆ ಮೂರು ಮೀಟರ್ ದೂರ. ಬೀದಿ ಕೊನೆಯ ಅಂಗಡಿಯಲ್ಲಿ 120 ರೂಪಾಯಿಗೆ ಮೂರು ಮೀಟರಿನ ಕೆಂಪು-ಬಿಳಿ ವೈರು ತಂದು ಗೋಡೆಯ ಅಂಚಿನಲ್ಲಿ ಎಳೆದೆ. ಟಿ.ವಿ. ಪಕ್ಕಕ್ಕೇ ಬಂದದ್ದರಿಂದ ಸೆಟ್-ಟಾಪ್ ಬಾಕ್ಸಿನಿಂದಲೂ ಒಂದು ವೈರು ಆಂಪ್ಲಿಫೈಯರಿಗೆ ಚುಚ್ಚಿದೆ, ವಾರ್ತೆಯಾದರೂ ಒಳ್ಳೆಯ ದನಿಯಲ್ಲಿ ಕೇಳಲಿ ಎಂದು.

ಅಂದಿನಿಂದ ಎರಡು ತೊಂದರೆ.

ಮೊದಲನೆಯದು ಗುಂಯ್ ಎನ್ನುವ ಸದ್ದು. ಹಾಡು ನಿಂತಾಗಲೂ ಇದೆ, ಟಿ.ವಿ. ಆರಿಸಿದ್ದರೂ ಇದೆ, ಹೆಡ್‌ಫೋನಿನಲ್ಲಂತೂ ಕಿವಿಯೊಳಗೇ ಗೂಡು ಕಟ್ಟಿದ ಹಾಗಿದೆ. ನನ್ನ ಹೆಂಡತಿ ಅಡುಗೆಮನೆಯಿಂದಲೇ ತೀರ್ಪು ಕೊಟ್ಟಳು: “ಐದು ಮನೆ ಶ್ರುತಿಗಿಂತ ಚೂರು ಮೇಲಿದೆ. ಯಾರೋ ಕೆಟ್ಟ ತಂಬೂರಿ ಇಟ್ಟುಕೊಂಡು ಕುಳಿತಿದ್ದಾರೆ, ಎಬ್ಬಿಸಿ ಕಳಿಸಿ.”

ಎರಡನೆಯದು ರೆಕಾರ್ಡಿಗೆ ಮಾತ್ರ ಅಂಟಿದ ರೋಗ. ಹಾಡುವವರ ‘ಸ’ಕಾರ, ‘ಶ’ಕಾರಗಳು ಸೂಜಿಯಂತೆ ಚುಚ್ಚುತ್ತವೆ. ಹಾಗೆಂದು ಮೇಲಿನ ಸದ್ದೆಲ್ಲ ಹೆಚ್ಚಾಗಿದೆ ಎನ್ನೋಣವೆಂದರೆ ಖಂಜಿರದ ಬಿಲ್ಲೆಗಳ ಕಿಣಿಕಿಣಿ ಮಂಕಾಗಿದೆ. ಅದೇ ಕಛೇರಿಯನ್ನು ಲ್ಯಾಪ್‌ಟಾಪಿನಿಂದ ಕೇಳಿದರೆ ಈ ತಕರಾರಿಲ್ಲ.

ಹೋದ ವಾರ ಮದುವೆಗೆಂದು ಬೆಂಗಳೂರಿಗೆ ಹೋದವನು ಒಂದು ಆಡಿಯೋ ಮಳಿಗೆಗೆ ಹೊಕ್ಕೆ. ಸೋಫಾದಲ್ಲಿ ಕೂರಿಸಿ ಕಾಫಿ ಕೊಟ್ಟರು. ನನ್ನ ಕಥೆಯನ್ನೆಲ್ಲ ಕೇಳಿ, ಎಲ್ಲಕ್ಕೂ ಕಾರಣ ಆ 120 ರೂಪಾಯಿಯ ವೈರು ಎಂದರು. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಸದ್ದು ಒಯ್ಯುವ, ಬೆಳ್ಳಿ ಲೇಪಿಸಿದ ತಾಮ್ರದ ಇಂಟರ್‌ಕನೆಕ್ಟ್ ಕೇಬಲ್ ತೋರಿಸಿದರು. ಒಂದು ಮೀಟರಿನ ಜೋಡಿಗೆ 18 ಸಾವಿರ, ನನಗೆ ಬೇಕಾದ ಮೂರು ಮೀಟರಿಗೆ 42 ಸಾವಿರ. ಅದರ ಮೇಲೊಂದು ಬಾಣದ ಗುರುತು. ಸಂಗೀತ ಆ ದಿಕ್ಕಿನಲ್ಲೇ ಹರಿಯಬೇಕಂತೆ. ಮೊದಲು ಸಾಧಾರಣ ವೈರು ಹಾಕಿ, ಆಮೇಲೆ ಇದನ್ನು ಹಾಕಿ ಕೇಳಿಸಿದರು. ಸುಳ್ಳು ಹೇಳಬಾರದು, ಎರಡನೇ ಸಲ ವೀಣೆ ಎರಡು ಅಡಿ ಹತ್ತಿರ ಬಂದು ಕುಳಿತ ಹಾಗಿತ್ತು.

ನನ್ನ ಟರ್ನ್‌ಟೇಬಲ್, ಕಾರ್ಟ್ರಿಜ್, ಫೋನೋ ಡಬ್ಬಿ ಮೂರನ್ನು ಕೂಡಿಸಿದರೂ 42 ಸಾವಿರ ಆಗುವುದಿಲ್ಲ. ಕೊಳ್ಳಲೇ, ಬೇಡವೇ? ತಿಳಿದವರು ಹೇಳಿ.

ಬೆಸುಗೆಕಡ್ಡಿ

ದುಡ್ಡು ಜೇಬಿನಲ್ಲೇ ಇರಲಿ ಸ್ವಾಮಿ. ನಿಮ್ಮದು ಒಂದು ರೋಗವಲ್ಲ, ಎರಡು. ಎರಡಕ್ಕೂ ಬೇರೆ ಬೇರೆ ಮದ್ದು. ಆ 42 ಸಾವಿರದ ಕೇಬಲ್ ಎರಡಕ್ಕೂ ಮದ್ದಲ್ಲ.

ನನ್ನ ಕಸುಬು ಹೇಳಿಬಿಡುತ್ತೇನೆ. ಇಪ್ಪತ್ತೆಂಟು ವರ್ಷ ರೇಡಿಯೋ ಸ್ಟುಡಿಯೋದಲ್ಲಿ ವೈರು ಬೆಸೆದವನು. ಈಗ ಮನೆಯಲ್ಲಿ ಕುಳಿತು ಅಕ್ಕಪಕ್ಕದವರ ಮಿಕ್ಸಿ ರಿಪೇರಿ ಮಾಡುತ್ತೇನೆ.

ಮೊದಲು ಗುಂಯ್. ನಿಮ್ಮ ಮನೆಯವರ ಕಿವಿಗೆ ನಮಸ್ಕಾರ. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಆವರ್ತ. ಸಣ್ಣ ಸ್ಪೀಕರಿನಲ್ಲಿ 50 ಅಷ್ಟಾಗಿ ಕೇಳಿಸುವುದಿಲ್ಲ, ಅದರ ಮೇಲಿನ ಸ್ಥಾಯಿ 100 ಕೇಳಿಸುತ್ತದೆ. ಐದು ಮನೆಯ, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆಯ, ಷಡ್ಜ ಆ ಸ್ಥಾಯಿಯಲ್ಲಿ 98 ಹರ್ಟ್ಸ್, ಐದೂವರೆ ಮನೆಯದು 104ರ ಹತ್ತಿರ. ನೂರು ಎಂದರೆ ಐದು ಮನೆಗಿಂತ ಚೂರು ಮೇಲೆ. ಮೀಟರ್ ಇಲ್ಲದೆ ಅಡುಗೆಮನೆಯಿಂದ ಅಳೆದಿದ್ದಾರೆ! ಅಂದರೆ ಅದು ಕರೆಂಟಿನ ಸದ್ದೇ, ಸಂಶಯ ಬೇಡ. ಅದು ಒಳಗೆ ಬಂದ ದಾರಿಯನ್ನೂ ನೀವೇ ಬರೆದಿದ್ದೀರಿ, ಗಮನಿಸಿಲ್ಲ ಅಷ್ಟೆ. ಟಿ.ವಿ. ವೈರನ್ನು ಯಾವತ್ತು ಚುಚ್ಚಿದಿರೋ ಅಂದಿನಿಂದ ಶುರು.

ನಿಮ್ಮ ಆಂಪ್ಲಿಫೈಯರಿಗೆ ಮೂರು ಪಿನ್ನಿನ ಪ್ಲಗ್ ಇರಬೇಕು. ಅದರ ಮೈ ನಿಮ್ಮ ಮನೆಯ ಅರ್ಥಿಂಗಿಗೆ ಸೇರಿದೆ. ಸೆಟ್-ಟಾಪ್ ಬಾಕ್ಸಿಗೆ ಬೀದಿಯಿಂದ ಬರುವ ದಪ್ಪ ಟಿ.ವಿ. ಕೇಬಲ್ ಇದೆಯಲ್ಲ, ಅದರ ಹೊರಕವಚ ಎಲ್ಲೋ ಕಂಬದ ಬಳಿಯೋ ಪಕ್ಕದ ಮನೆಯ ತಾರಸಿಯಲ್ಲೋ ನೆಲ ಮುಟ್ಟಿದೆ. ಎರಡು ಕಡೆಯ ನೆಲ ಒಂದೇ ಮಟ್ಟದಲ್ಲಿ ಇರುವುದಿಲ್ಲ. ನಡುವಿನ ಆ ಸಣ್ಣ ವ್ಯತ್ಯಾಸ ಸೆಟ್-ಟಾಪ್ ಬಾಕ್ಸಿನಿಂದ ಆಂಪ್ಲಿಫೈಯರಿಗೆ ಚುಚ್ಚಿದ ವೈರಿನ ಹೊರಕವಚದ ಮೂಲಕ ಹರಿದು ಸಮವಾಗಲು ನೋಡುತ್ತದೆ. ಆರ್‌ಸಿಎ ಎಂಬ ಈ ಬಗೆಯ ವೈರಿನಲ್ಲಿ ಹೊರಕವಚವೇ ಸಂಗೀತ ಹಿಂತಿರುಗುವ ದಾರಿಯೂ ಹೌದು. ಕೊಳಚೆ ನೀರೂ ಕುಡಿಯುವ ನೀರೂ ಒಂದೇ ಕೊಳವೆಯಲ್ಲಿ ಬಂದ ಹಾಗೆ. ಟಿ.ವಿ. ಆರಿಸಿದರೂ ಸದ್ದು ನಿಲ್ಲದಿರುವುದು ಇದಕ್ಕೇ: ಸ್ವಿಚ್ಚು ಆರಿದರೂ ಕವಚದ ಸಂಬಂಧ ಕಡಿಯುವುದಿಲ್ಲ. ಇದಕ್ಕೆ ನಾವು ಗ್ರೌಂಡ್ ಲೂಪ್ ಎನ್ನುತ್ತೇವೆ. ಚಿನ್ನದ ವೈರು ಹಾಕಿದರೂ ಲೂಪ್ ಲೂಪೇ.

ಪರೀಕ್ಷೆ ಹೀಗೆ. ಸೆಟ್-ಟಾಪ್ ಬಾಕ್ಸಿನ ಹಿಂದಿನ ಟಿ.ವಿ. ಕೇಬಲಿನ ತಿರುಪು ಬಿಚ್ಚಿ. ಸದ್ದು ನಿಂತರೆ ಕಳ್ಳ ಸಿಕ್ಕ. ನಿಲ್ಲದಿದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಆಗಲೂ ನಿಲ್ಲದಿದ್ದರೆ ಟರ್ನ್‌ಟೇಬಲ್‌ನಿಂದ ಬರುವ ತೆಳು ನೆಲದ ತಂತಿ ಫೋನೋ ಡಬ್ಬಿಯ ತಿರುಪಿಗೆ ಬಿಗಿಯಾಗಿದೆಯೇ ನೋಡಿ. ಒಂದು ಮಾತು: ಯಾರಾದರೂ “ಮೂರನೇ ಪಿನ್ನು ಮುರಿದುಬಿಡಿ, ಸದ್ದು ಹೋಗುತ್ತದೆ” ಎಂದರೆ ಅವರನ್ನು ಬಾಗಿಲಿನಿಂದಲೇ ಕಳಿಸಿ. ಸದ್ದು ಹೋಗುತ್ತದೆ ನಿಜ. ಒಳಗೆ ಏನಾದರೂ ಕೆಟ್ಟ ದಿನ ಆ ಪೆಟ್ಟಿಗೆ ಮುಟ್ಟಿದವರ ಜೀವವೂ ಹೋಗುತ್ತದೆ. ಆ ಪಿನ್ನು ಇರುವುದೇ ಅದಕ್ಕೆ.

ಲೂಪ್ ಎಂದು ಖಾತ್ರಿಯಾದರೆ ಟಿ.ವಿ.ಯ ಹಿಂದೆ ಆಪ್ಟಿಕಲ್ ಎಂಬ ಸಣ್ಣ ಚೌಕದ ಕಿಂಡಿ ಇದೆಯೇ ಹುಡುಕಿ. ನಿಮ್ಮ ಡ್ಯಾಕಿನಲ್ಲೂ ಇರಬಹುದು. ಸೆಟ್-ಟಾಪ್ ಬಾಕ್ಸಿನಿಂದ ಆಂಪ್ಲಿಫೈಯರಿಗೆ ಎಳೆದ ವೈರು ಕಿತ್ತು, ಈ ಎರಡು ಕಿಂಡಿಗಳನ್ನು ಆಪ್ಟಿಕಲ್ ವೈರಿನಿಂದ ಸೇರಿಸಿ. 1983ರಲ್ಲಿ ತೋಷಿಬಾದವರು ತಂದ ಟೋಸ್‌ಲಿಂಕ್ ಅದು. ಅದರೊಳಗೆ ಹರಿಯುವುದು ಬೆಳಕು, ಕರೆಂಟಲ್ಲ. ಲೂಪ್ ಆಗಲು ತಂತಿಯೇ ಇಲ್ಲ. ಮುನ್ನೂರು ರೂಪಾಯಿಯದು ಸಾಕು. ಟಿ.ವಿ.ಯ ಧ್ವನಿ ಸೆಟ್ಟಿಂಗಿನಲ್ಲಿ ಪಿಸಿಎಂ ಎಂಬ ಸಾದಾ ಡಿಜಿಟಲ್ ಧ್ವನಿಯ ಆಯ್ಕೆ ಮಾಡಿ, ಇಲ್ಲದಿದ್ದರೆ ಡ್ಯಾಕ್ ಮೌನವ್ರತ ಹಿಡಿಯುತ್ತದೆ.

ಇನ್ನು ಎರಡನೇ ರೋಗ. ಇದರಲ್ಲಿ ಮಳಿಗೆಯವರ ಮಾತು ಅರ್ಧ ಸರಿ, ತಪ್ಪು ನಿಜವಾಗಿಯೂ ವೈರಿನದೇ. ಆದರೆ ಅವರು ಹೇಳಿದ ಕಾರಣಕ್ಕಲ್ಲ.

ಸಾಮಾನ್ಯವಾಗಿ ಇಂಟರ್‌ಕನೆಕ್ಟ್ ಎಂಬುದು ಬಹಳ ಸುಲಭದ ಕೆಲಸ. ಡ್ಯಾಕ್ 2 ವೋಲ್ಟ್ ಕೊಡುತ್ತದೆ, ಆಂಪ್ಲಿಫೈಯರಿನ ಬಾಗಿಲಲ್ಲಿ 10 ಸಾವಿರ ಓಮ್ ತಡೆ ಇದೆ ಎನ್ನಿ. ನಡುವಿನ ತಂತಿಯ ತಡೆ 0.2 ಓಮ್ ಎನ್ನಿ. ನೀವು ಬ್ಯಾಂಕಿನವರು: ಹತ್ತು ಸಾವಿರ ರೂಪಾಯಿಯ ಲೆಕ್ಕದಲ್ಲಿ ಇಪ್ಪತ್ತು ಪೈಸೆ. ಬೆಳ್ಳಿ ತಾಮ್ರಕ್ಕಿಂತ ಒಳ್ಳೆಯ ವಾಹಕ ಹೌದು, ಶೇ. 6ರಷ್ಟು. ಅಪ್ಪಟ ಬೆಳ್ಳಿಯನ್ನೇ ಹಾಕಿದರೂ ಇಪ್ಪತ್ತು ಪೈಸೆ ಹತ್ತೊಂಬತ್ತು ಪೈಸೆಯಾಗುತ್ತದೆ. ಅವರದು ಬರೀ ಲೇಪ.

ಕಾರ್ಟ್ರಿಜ್ ಮಾತ್ರ ಈ ಸುಲಭದ ಲೆಕ್ಕಕ್ಕೆ ಸೇರದು. ಅದರ ಸದ್ದು 4 ಮಿಲಿವೋಲ್ಟ್, ಡ್ಯಾಕಿನದರ 500ನೇ ಒಂದು ಪಾಲು. ಅದರೊಳಗೆ ಕೂದಲಿನಂಥ ತಂತಿಯ ಸುರುಳಿ, 550 ಮಿಲಿಹೆನ್ರಿ. ಸುರುಳಿಯ ಮುಂದೆ ಕೇಬಲ್ ಇಟ್ಟರೆ ಕೇಬಲಿನ ಕೆಪಾಸಿಟೆನ್ಸ್ (ವಿದ್ಯುತ್ತನ್ನು ಹಿಡಿದಿಡುವ ಗುಣ, ಅಳತೆ ಪಿಕೋಫ್ಯಾರಡ್‌ನಲ್ಲಿ) ಅದರೊಡನೆ ಸೇರಿ ಒಂದು ಸ್ಥಾಯಿಯ ಸದ್ದನ್ನು ಉಬ್ಬಿಸಿ ಅನುರಣನ ಮಾಡುತ್ತದೆ, ತಂಬೂರಿಯ ಬುರುಡೆಯ ಹಾಗೆ. ನಿಮ್ಮ ಕಾರ್ಟ್ರಿಜ್ಜಿಗೆ ತಯಾರಕರೇ ಹೇಳಿರುವುದು 100ರಿಂದ 200 ಪಿಕೋಫ್ಯಾರಡ್. 200 ಇದ್ದರೆ ಅನುರಣನ 15 ಕಿಲೋಹರ್ಟ್ಸ್‌ನಲ್ಲಿ, ಯಾರಿಗೂ ತೊಂದರೆಯಿಲ್ಲ. ನಿಮ್ಮಂಥದೇ ಒಂದು ತೆಳು ಕೆಂಪು-ಬಿಳಿ ವೈರನ್ನು ನನ್ನ ಎಲ್‌ಸಿಆರ್ ಮೀಟರಿನಲ್ಲಿ ಅಳೆದಾಗ ಒಂದು ಮೀಟರಿಗೆ 180 ಬಂತು. ಮೂರು ಮೀಟರಿಗೆ 540. ಫೋನೋ ಡಬ್ಬಿಯ ಒಳಗಿನದೂ ಸೂಜಿ ಹೊರುವ ತೋಳಿನೊಳಗಿನ ತಂತಿಯದೂ ಸೇರಿದರೆ 700. ಆಗ ಅನುರಣನ ಇಳಿದು 8 ಕಿಲೋಹರ್ಟ್ಸ್‌ಗೆ ಬಂದು ಕೂರುತ್ತದೆ. ಅಲ್ಲೊಂದು ಗುಡ್ಡ, ಗುಡ್ಡದಾಚೆ ಪ್ರಪಾತ. ಗುಡ್ಡ ಇರುವುದು ‘ಸ’ಕಾರದ ಜಾಗದಲ್ಲಿ, ಖಂಜಿರದ ಕಿಣಿಕಿಣಿ ಪ್ರಪಾತಕ್ಕೆ ಬಿತ್ತು. ನೀವು ಬರೆದದ್ದು ಅಕ್ಷರಶಃ ಅದನ್ನೇ.

ಮಾಡಬೇಕಾದದ್ದು ಇಷ್ಟು: ಫೋನೋ ಡಬ್ಬಿಯನ್ನು ಎತ್ತಿ ಟರ್ನ್‌ಟೇಬಲ್ ಪಕ್ಕದ ಕಲ್ಲಿನ ಮೇಲಿಡಿ. ಅವೆರಡರ ನಡುವೆ ಮುಕ್ಕಾಲು ಮೀಟರಿನ ಕಡಿಮೆ ಕೆಪಾಸಿಟೆನ್ಸಿನ ಕೇಬಲ್ ಸಾಕು. ಉದ್ದದ ವೈರನ್ನು ಡಬ್ಬಿಯ ಆಚೆಗೆ ಹಾಕಿ. ಡಬ್ಬಿ ದಾಟಿದ ಮೇಲೆ ಸದ್ದು ಗಟ್ಟಿಯಾಗಿರುತ್ತದೆ, ಅದೇ 120 ರೂಪಾಯಿಯ ವೈರೂ ಅದನ್ನು ಕೆಡಿಸದು.

ಬಾಣದ ವಿಷಯ: ಕೆಲವು ಕೇಬಲುಗಳಲ್ಲಿ ಸಂಗೀತ ಹಿಂತಿರುಗಲು ಒಳಗೇ ಬೇರೆ ತಂತಿ ಇಟ್ಟು, ಹೊರಕವಚವನ್ನು ಒಂದೇ ತುದಿಗೆ ಬೆಸೆದಿರುತ್ತಾರೆ. ಬೆಸೆದ ತುದಿ ಯಾವುದೆಂದು ತಿಳಿಯಲು ಬಾಣ. ಸಂಗೀತದ ಸಂಕೇತ ಕ್ಷಣಕ್ಕೆ ಸಾವಿರಾರು ಸಲ ಹಿಂದೆ ಮುಂದೆ ಓಡುವಂಥದು, ಅದಕ್ಕೆ ಏಕಮುಖ ಸಂಚಾರದ ಫಲಕ ಓದಲು ಬರುವುದಿಲ್ಲ.

ಬೆಳ್ಳಿತಂತಿ

ಬೆಸುಗೆಕಡ್ಡಿಯವರೇ, ಗ್ರೌಂಡ್ ಲೂಪಿನ ಮಾತು ಒಪ್ಪಿದೆ. ಕಾರ್ಟ್ರಿಜ್ಜಿನ ಲೆಕ್ಕವೂ ಸರಿ. ಆದರೆ ಇಪ್ಪತ್ತು ಪೈಸೆ, ಹತ್ತೊಂಬತ್ತು ಪೈಸೆ ಎಂದು ಎಲ್ಲವನ್ನೂ ಒರೆಸಿ ಹಾಕುವುದನ್ನು ನಾನು ಒಪ್ಪುವುದಿಲ್ಲ. ಜಯನಗರದ ನಮ್ಮ ಮನೆಯಲ್ಲಿ ಡ್ಯಾಕಿಗೂ ಆಂಪ್ಲಿಫೈಯರಿಗೂ ನಡುವೆ ಅಪ್ಪಟ ಬೆಳ್ಳಿಯ ಕೇಬಲ್ ಇದೆ, ಐದು ವರ್ಷವಾಯಿತು. ಬೆಲೆ ಹೇಳುವುದಿಲ್ಲ, ಮನೆಯವರೂ ಇಲ್ಲಿ ಓದುತ್ತಾರೆ. ಅದನ್ನು ಹಾಕಿದ ದಿನ ಹಿನ್ನೆಲೆ ಕಪ್ಪಾಯಿತು, ಪಿಟೀಲಿನ ಕಮಾನು ತಂತಿಯ ಮೇಲೆ ತಿರುಗುವ ಜಾಗ ಕಣ್ಣಿಗೆ ಕಂಡಂತಾಯಿತು. ಮೀಟರಿಗೆ ಕಾಣದ್ದು ಕಿವಿಗೆ ಕಾಣಬಾರದೆಂದು ಯಾವ ಶಾಸ್ತ್ರ ಹೇಳಿದೆ? ಇವರ ಮನೆಯವರು ಮೀಟರ್ ಇಲ್ಲದೆ ನೂರು ಹರ್ಟ್ಸ್ ಹಿಡಿದಾಗ ನಮಸ್ಕಾರ ಹಾಕಿದಿರಿ. ನನ್ನ ಕಿವಿಗೂ ಅರ್ಧ ನಮಸ್ಕಾರವಾದರೂ ಬೇಡವೇ?

ಕೇಳುಗರಿಗೆ ನನ್ನ ಸಲಹೆ: 42 ಸಾವಿರ ಬೇಡ, ಆದರೆ ಸಿಕ್ಕಿದ ವೈರನ್ನೂ ಹಾಕಬೇಡಿ. ಪ್ಲಗ್ ಸಡಿಲವಾಗಿದ್ದರೆ ಎಂಥ ಕೇಬಲೂ ಕೆಲಸಕ್ಕೆ ಬಾರದು. ನನ್ನ ಹಳೆಯ ಅಗ್ಗದ ವೈರಿನಲ್ಲಿ ತಿಂಗಳಿಗೊಮ್ಮೆ ಎಡಗಡೆಯ ಸದ್ದು ಮಾಯವಾಗುತ್ತಿತ್ತು, ಪ್ಲಗ್ ಹಿಡಿದು ತಿರುವಿದರೆ ಬರುತ್ತಿತ್ತು.

ಮಣಿಪಾಲದ ಮಳೆ

ನಾನು ವಿದ್ಯಾರ್ಥಿನಿ, ಹೆಡ್‌ಫೋನ್ ಬಿಟ್ಟರೆ ಬೇರೆ ಸಾಮಾನಿಲ್ಲ. ಒಂದು ಅನುಭವ ಮಾತ್ರ ಹೇಳುತ್ತೇನೆ. ಹೋದ ವರ್ಷ ಹೆಡ್‌ಫೋನಿಗೆ 4.4 ಮಿಲಿಮೀಟರಿನ ಬ್ಯಾಲೆನ್ಸ್ಡ್ ಕೇಬಲ್ ಕೊಂಡೆ, ಎರಡು ಕಿವಿಗೂ ಬೇರೆ ಬೇರೆ ಜೋಡಿ ತಂತಿ ಇರುವಂಥದ್ದು. ಹಾಕಿದ ಕ್ಷಣವೇ ಸ್ವರ್ಗ. ಎರಡು ತಿಂಗಳ ತಿಂಡಿಯ ದುಡ್ಡು ಸಾರ್ಥಕವಾಯಿತೆಂದು ಕುಣಿದಾಡಿದೆ. ಆಮೇಲೆ ನನ್ನ ಡ್ಯಾಕಿನ ಕೈಪಿಡಿ ಓದಿದರೆ ಬ್ಯಾಲೆನ್ಸ್ಡ್ ಕಿಂಡಿಯಲ್ಲಿ 4 ವೋಲ್ಟ್, ಸಾಧಾರಣ ಕಿಂಡಿಯಲ್ಲಿ 2 ವೋಲ್ಟ್. ಎರಡು ಪಟ್ಟು ವೋಲ್ಟೇಜ್ ಎಂದರೆ 6 ಡೆಸಿಬಲ್ ಜೋರು. ನಾನು ಸ್ವರ್ಗವೆಂದು ಭಾವಿಸಿದ್ದು ವಾಲ್ಯೂಮ್. ಗುಂಡಿ ತಿರುವಿ ಎರಡನ್ನೂ ಒಂದೇ ಜೋರಿಗೆ ತಂದ ಮೇಲೆ ಯಾವುದು ಯಾವುದೆಂದು ನನಗೆ ಹೇಳಲಾಗಲಿಲ್ಲ.

ಕೇಳುಗ ಅಂಕಲ್, ಮಳಿಗೆಯಲ್ಲಿ ಎರಡನೇ ಸಲ ವೀಣೆ ಹತ್ತಿರ ಬಂದಾಗ ರಿಮೋಟ್ ಯಾರ ಕೈಯಲ್ಲಿತ್ತು?

ಬೆಸುಗೆಕಡ್ಡಿ

ಭೇಷ್ ಮಗಳೇ. ಎರಡು ಸದ್ದುಗಳ ನಡುವೆ ಸ್ವಲ್ಪ ಜೋರಾದದ್ದನ್ನು ಕಿವಿ “ಜೋರು” ಎನ್ನುವುದಿಲ್ಲ, “ಚೆನ್ನ” ಎನ್ನುತ್ತದೆ. ಸ್ಟುಡಿಯೋದಲ್ಲಿ ಕಲಾವಿದರು ರೆಕಾರ್ಡಿಂಗ್ ಕೇಳಿ ಮುಖ ಸಣ್ಣದು ಮಾಡಿದರೆ ನಾವು ಮೆಲ್ಲನೆ ವಾಲ್ಯೂಮ್ ಒಂದು ಗೆರೆ ಏರಿಸಿ ಮತ್ತೆ ಕೇಳಿಸುತ್ತಿದ್ದೆವು. “ಈಗ ಸರಿಯಾಯಿತು ನೋಡಿ” ಎಂದು ಎದ್ದು ಹೋಗುತ್ತಿದ್ದರು. ಪಾಪವೋ ಪುಣ್ಯವೋ ಗೊತ್ತಿಲ್ಲ.

ಬೆಳ್ಳಿತಂತಿಯವರೇ, ನಿಮ್ಮ ಕಿವಿಯನ್ನು ನಾನು ಹೀಯಾಳಿಸಿಲ್ಲ. ನೀವು ಕೇಳಿದ್ದು ನಿಮಗೆ ನಿಜವಾಗಿಯೂ ಕೇಳಿಸಿದೆ. ಅದು ತಂತಿಯಿಂದ ಬಂತೋ ತಲೆಯಿಂದ ಬಂತೋ ಎಂಬುದಷ್ಟೇ ತಕರಾರು. ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರುಮಾಡಿದ ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ ಕಲಿಸುತ್ತಿದ್ದದ್ದು ಎಂಜಿನಿಯರಿಂಗ್ ಅಲ್ಲ, ಮನಃಶಾಸ್ತ್ರ. ಆಕಾಶವಾಣಿಯ ಬುಡದಲ್ಲೇ ಮನಸ್ಸಿನ ಮೇಷ್ಟ್ರು ಇದ್ದಾರೆ, ಈ ವಿಷಯ ಅವರಿಗೆ ಬಿಡೋಣ. ಮನೆಯಲ್ಲಿ ಯಾರಿಗಾದರೂ ಕೇಬಲ್ ಅದಲುಬದಲು ಮಾಡಲು ಹೇಳಿ, ನೀವು ಬೆನ್ನು ತಿರುಗಿಸಿ ಕುಳಿತು ಹನ್ನೆರಡು ಸಲ ಹೇಳಿ ನೋಡಿ. ಪ್ಲಗ್ ಬದಲಿಸುವ ಮೊದಲು ಆಂಪ್ಲಿಫೈಯರ್ ಆರಿಸಿ; ಆರ್‌ಸಿಎ ಪ್ಲಗ್ಗಿನ ನಡುವಿನ ಕಡ್ಡಿ ಕವಚಕ್ಕಿಂತ ಮೊದಲು ಮುಟ್ಟುತ್ತದೆ, ಸ್ಪೀಕರಿಗೆ ಏಟು. 1930ರ ದಶಕದಲ್ಲಿ ರೇಡಿಯೋ ಪೆಟ್ಟಿಗೆಯ ಒಳಗೆ ಒಮ್ಮೆ ಚುಚ್ಚಿ ಮರೆಯಲೆಂದು ಮಾಡಿದ ಪ್ಲಗ್ ಅದು. ತೊಂಬತ್ತು ವರ್ಷವಾದರೂ ಅದನ್ನೇ ಚುಚ್ಚಿ ಕೀಳುತ್ತಿದ್ದೇವೆ.

ಪ್ಲಗ್ಗಿನ ಬಗ್ಗೆ ನಿಮ್ಮ ಮಾತು ನೂರಕ್ಕೆ ನೂರು ಸರಿ. ಸ್ಟುಡಿಯೋದಲ್ಲಿ ಕೆಟ್ಟ ಕೇಬಲುಗಳಲ್ಲಿ ತಂತಿ ಹಳಸಿದ್ದನ್ನು ನಾನು ನೋಡಿದ್ದು ಅಪರೂಪ. ಕೆಟ್ಟಿದ್ದು ಯಾವಾಗಲೂ ತುದಿ. ಇನ್ನೊಂದು ಮಾತು. ಕೇಳುಗರ ಆ ವೀಣೆಯ ಸದ್ದು ಮೈಕಿನಿಂದ ರೆಕಾರ್ಡರ್ ಸೇರುವ ಮೊದಲೇ ಗೋಡೆಯೊಳಗಿನ ಸಾಧಾರಣ ಮೈಕ್ ಕೇಬಲಿನಲ್ಲಿ ಹತ್ತಾರು ಮೀಟರ್ ನಡೆದು ಬಂದಿರುತ್ತದೆ. ಮೂರು ಪಿನ್ನಿನ ಎಕ್ಸ್‌ಎಲ್‌ಆರ್, ಒಂದನೇ ಪಿನ್ನು ನೆಲ, ಎರಡನೆಯದು ನೇರ ಸದ್ದು, ಮೂರನೆಯದು ಅದರ ತಿರುಗುಮುರುಗು. ದಾರಿಯಲ್ಲಿ ಅಂಟಿದ ಗುಂಯ್ ಎರಡಕ್ಕೂ ಸಮನಾಗಿ ಅಂಟುತ್ತದೆ, ಕೊನೆಯಲ್ಲಿ ಒಂದರಿಂದ ಒಂದನ್ನು ಕಳೆದರೆ ಗುಂಯ್ ಸೊನ್ನೆ, ವೀಣೆ ಎರಡರಷ್ಟು. ಆ ದೂರವನ್ನೆಲ್ಲ ಹಾಗೆ ಬಂದ ಸಂಗೀತ ನಿಮ್ಮ ಮನೆಯ ಕೊನೆಯ ಒಂದು ಮೀಟರಿನಲ್ಲಿ ಬೆಳ್ಳಿ ಹಾಸದಿದ್ದರೆ ಮುನಿಸಿಕೊಳ್ಳುವುದೇ?

ಕೇಳುಗರು ಕೇಬಲ್ ತಾವೇ ಮಾಡುವುದಾದರೆ: ಟಿ.ವಿ.ಗೆ ಹಾಕುವ ಆರ್‌ಜಿ-6 ಅಗ್ಗವೆಂದು ತರಬೇಡಿ. ಅದರ ಹೊರಕವಚದ ಜಾಲರಿ ಹೆಚ್ಚಾಗಿ ಅಲ್ಯುಮಿನಿಯಂ, ಬೆಸುಗೆ ಹಿಡಿಯುವುದಿಲ್ಲ. ನಡುವಿನ ತಂತಿ ತಾಮ್ರ ಬಳಿದ ಉಕ್ಕು. ಆರ್‌ಜಿ-59 ಕೇಳಿ, ಒಂದು ಮೀಟರಿಗೆ 67 ಪಿಕೋಫ್ಯಾರಡ್ ಆಸುಪಾಸು. ಅದರಲ್ಲೂ ಮೋಸವಿದೆ. ಅಂಗಡಿಯಲ್ಲೇ ತುದಿ ಸುಲಿದು ಬ್ಲೇಡಿನಿಂದ ಜಾಲರಿ ಕೆರೆಯಿರಿ. ಒಳಗೂ ಕೆಂಪಾಗಿದ್ದರೆ ತಾಮ್ರ, ಬೆಳ್ಳಗಾದರೆ ಅಲ್ಯುಮಿನಿಯಂ. ನಡುವಿನ ತಂತಿಗೆ ಅಯಸ್ಕಾಂತ ಹಿಡಿಯಿರಿ, ಅಂಟಿದರೆ ಉಕ್ಕು. ಅಂಗಡಿಯವರು ಗುರಾಯಿಸುತ್ತಾರೆ, ಗುರಾಯಿಸಲಿ.

ಕುವೆಂಪುನಗರದ ಕೇಳುಗ

ಹತ್ತು ದಿನ ತಡವಾಗಿ ಉತ್ತರಿಸುತ್ತಿದ್ದೇನೆ, ಆದರೆ ಲೆಕ್ಕ ಪೂರ್ತಿ ಇದೆ.

ಶನಿವಾರ ಪಾಠ ಮುಗಿದು ಮಕ್ಕಳೆಲ್ಲ ಹೋದ ಮೇಲೆ ಮನೆಯವಳನ್ನು ಸ್ಪೀಕರಿನ ಮುಂದೆ ಕೂರಿಸಿದೆ. ನಾನು ಟಿ.ವಿ. ಮೇಜಿನ ಹಿಂದೆ, ಬಾಯಲ್ಲಿ ಟಾರ್ಚು. ಸೆಟ್-ಟಾಪ್ ಬಾಕ್ಸಿನ ಹಿಂದಿನ ತಿರುಪು ತುಕ್ಕು ಹಿಡಿದಿತ್ತು, ಇಕ್ಕಳ ಬೇಕಾಯಿತು. ಕೊನೆಯ ಸುತ್ತು ಬಿಚ್ಚಿ ಕೇಬಲ್ ಎಳೆದೆ. ಆ ಕಡೆಯಿಂದ ಸದ್ದಿಲ್ಲ. “ಏನಾಯಿತು?” ಎಂದೆ. “ತಂಬೂರಿಯವನು ಎದ್ದು ಹೋದ” ಎಂದಳು. ಖಾತ್ರಿಗಾಗಿ ಮತ್ತೆ ಮುಟ್ಟಿಸಿದೆ. “ಬಂದ.” ತೆಗೆದೆ. “ಹೋದ.” ಐದಾರು ಸಲ ಹೀಗೆ ಅವನನ್ನು ಓಡಾಡಿಸಿದೆವು. ಎರಡು ತಿಂಗಳು ನನ್ನ ತಲೆ ತಿಂದದ್ದು, ಮಳಿಗೆಯವರು 42 ಸಾವಿರಕ್ಕೆ ಕಟ್ಟಿಕೊಡಲು ಹೊರಟದ್ದು, ನನ್ನ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಇತ್ತು.

ಮಾರನೆಯ ದಿನ ಆಪ್ಟಿಕಲ್ ವೈರು ತಂದೆ, 280 ರೂಪಾಯಿ. ತುದಿಯ ಪ್ಲಾಸ್ಟಿಕ್ ಟೊಪ್ಪಿಗೆ ತೆಗೆಯದೆ ಕಾಲು ಗಂಟೆ ಒತ್ತಿದೆ, ಅದನ್ನು ಇಲ್ಲಿ ಬರೆಯಬಾರದಿತ್ತು. ಪಿಸಿಎಂ ಎಂದು ಮೊದಲೇ ಹೇಳಿದ್ದು ಒಳ್ಳೆಯದಾಯಿತು. ವಾರ್ತೆ ಈಗ ಒಳ್ಳೆಯ ದನಿಯಲ್ಲೇ ಬರುತ್ತಿದೆ, ವಾರ್ತೆ ಒಳ್ಳೆಯದಾಗಿಲ್ಲ.

ಎರಡನೆಯದಕ್ಕೆ ಆರ್‌ಜಿ-59 ಹುಡುಕಿದೆ. ಮೊದಲ ಎರಡು ಅಂಗಡಿಗಳಲ್ಲಿ ಬ್ಲೇಡು ತೆಗೆದೊಡನೆ ಬೆಳ್ಳಗೆ ಕಂಡಿತು. ಮೂರನೆಯವನು, ಸಿ.ಸಿ. ಕ್ಯಾಮೆರಾ ಹಾಕುವ ಹುಡುಗ, ತಾನೇ ಕೆರೆದು ತೋರಿಸಿದ. ಎರಡು ಮೀಟರ್ ಕತ್ತರಿಸಿಕೊಟ್ಟು ದುಡ್ಡು ಬೇಡವೆಂದ, ಬಲವಂತವಾಗಿ ಐವತ್ತು ಕೊಟ್ಟೆ. ಲೋಹದ ಪ್ಲಗ್ ನಾಲ್ಕಕ್ಕೆ 480. ಬೆಸುಗೆ ಹಾಕಿದ್ದು ನಾನೇ. ಮೊದಲ ಪ್ಲಗ್ಗಿನಲ್ಲಿ ಬೆಸುಗೆಯ ಬಿಸಿ ಕಡ್ಡಿಯನ್ನು ಹೆಚ್ಚು ಹೊತ್ತು ಇಟ್ಟೆ, ಒಳಗಿನ ಬಿಳಿ ಪ್ಲಾಸ್ಟಿಕ್ ಮೇಣದಂತೆ ಕರಗಿ ನಡುವಿನ ತಂತಿ ವಾಲಿಕೊಂಡು ಜಾಲರಿಗೆ ತಗುಲಿತು. ಕತ್ತರಿಸಿ ಮತ್ತೆ ಮಾಡಿದೆ. ಎರಡನೆಯದು ಕೂಡ ಗಂಟುಗಂಟು. ನಾಲ್ಕನೆಯದು ಬಂದಾಗ ಸೀಸ ತಾನಾಗಿ ಹರಿದು ಜಾಲರಿಯ ಎಳೆಗಳ ನಡುವೆ ಇಳಿಯಿತು, ದೋಸೆಕಲ್ಲಿನ ಮೇಲೆ ತುಪ್ಪ ಹರಡುವಂತೆ. ಅರವತ್ತನಾಲ್ಕನೇ ವಯಸ್ಸಿನಲ್ಲಿ ಒಂದು ಕೈಕೆಲಸ ಬಂತು.

ಫೋನೋ ಡಬ್ಬಿ ಈಗ ಟರ್ನ್‌ಟೇಬಲ್ ಪಕ್ಕ ಕಲ್ಲಿನ ಮೇಲಿದೆ. ಉದ್ದದ 120 ರೂಪಾಯಿಯ ವೈರು ಅದೇ ಜಾಗದಲ್ಲಿದೆ, ಡಬ್ಬಿಯ ಆಚೆಗೆ. ‘ಸ’ಕಾರ ಚುಚ್ಚುವುದು ನಿಂತಿದೆ. ವೀಣೆ ದೊರೆಸ್ವಾಮಿ ಅಯ್ಯಂಗಾರರ ರೆಕಾರ್ಡು ಹಾಕಿದೆವು. ಮೀಟು ಬಿದ್ದ ಮೇಲೆ ತಂತಿಯ ಮೇಲೆ ಬೆರಳು ಸರಿಯುವ ಸಣ್ಣ ಸದ್ದು ಬಂದಾಗ ಮನೆಯವಳು ಕೈಯಲ್ಲಿದ್ದ ಹುರುಳಿಕಾಯಿ ಬಿಟ್ಟು ಕೇಳಿದಳು. ನಾನು ಮಾಡಿದ ಕೇಬಲ್ ಎಂಬ ಹೆಮ್ಮೆಗೆ ನನಗೆ ಹೆಚ್ಚು ಚೆನ್ನಾಗಿ ಕೇಳಿಸುತ್ತಿರಬಹುದು. ಆದರೆ ಕೇಬಲಿನಲ್ಲಿ ಏನು ಮಾಡಿದ್ದೇನೆಂದು ಅವಳಿಗೆ ಹೇಳಿರಲಿಲ್ಲ.

ಮಣಿಪಾಲದ ಮಗುವಿಗೆ: ಬಹಳ ಯೋಚಿಸಿದೆ. ರಿಮೋಟ್ ಅವರ ಕೈಯಲ್ಲಿತ್ತು. ಕೇಬಲ್ ಬದಲಿಸುವ ಮೊದಲು ಸದ್ದನ್ನು ಪೂರ್ತಿ ಇಳಿಸಿದರು, ಆಮೇಲೆ ಏರಿಸಿದರು. ಎಷ್ಟಕ್ಕೆ ಏರಿಸಿದರೆಂದು ನಾನು ನೋಡಲಿಲ್ಲ. ಕಾಫಿ ಕುಡಿಯುತ್ತಿದ್ದೆ.

ಬೆಳ್ಳಿತಂತಿ

ಬೆಸುಗೆಕಡ್ಡಿಯವರ ಪಂದ್ಯ ಆಡಿದೆ. ಭಾನುವಾರ ಮಗಳು ಆಂಪ್ಲಿಫೈಯರಿನ ಹಿಂದೆ, ನಾನು ಬೆನ್ನು ಮಾಡಿ. ಒಂದು ನನ್ನ ಬೆಳ್ಳಿ, ಇನ್ನೊಂದು ಡಿವಿಡಿ ಪ್ಲೇಯರಿನ ಜೊತೆ ಬಿಟ್ಟಿ ಬಂದದ್ದು. ಯಾವುದನ್ನು ಹಾಕಬೇಕೆಂದು ಅವಳು ಪ್ರತಿ ಸಲ ನಾಣ್ಯ ಚಿಮ್ಮಿ ನಿರ್ಧರಿಸಿದಳು. ಹನ್ನೆರಡರಲ್ಲಿ ಏಳು ಸರಿ. ಮೊದಲ ಮೂರು ಸತತವಾಗಿ ಸರಿಯಾದಾಗ ಎದೆಯುಬ್ಬಿಸಿದ್ದೆ, ಮುಂದಿನ ನಾಲ್ಕು ಸತತವಾಗಿ ತಪ್ಪು. ಮಗಳು ಲೆಕ್ಕ ಹಾಕಿ ಹೇಳಿದಳು: ಬರೀ ನಾಣ್ಯ ಚಿಮ್ಮಿದರೂ ಏಳು ಅಥವಾ ಹೆಚ್ಚು ಸರಿ ಬರುವ ಸಂಭವ ಶೇ. 39ರಷ್ಟಂತೆ. ಅವಳು ಅದನ್ನು ಹೇಳುವಾಗ ನಗುತ್ತಿದ್ದದ್ದು ನನಗೆ ಸರಿ ಕಾಣಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಬೆಳ್ಳಿಯ ಕೇಬಲನ್ನೇ ಮತ್ತೆ ಹಾಕಿದೆ. ಗೊತ್ತಿದ್ದೂ ಹಾಕಿದೆ. ಪಿಟೀಲಿನ ಕಮಾನು ಮತ್ತೆ ಕಂಡಿತು. ಇದಕ್ಕೆ ಏನು ಹೇಳುತ್ತೀರೋ ಹೇಳಿ.

ಬೆಸುಗೆಕಡ್ಡಿ

ಏನೂ ಹೇಳುವುದಿಲ್ಲ. ಏಳು ಎಂದು ಒಪ್ಪಿ ಬರೆದಿರಲ್ಲ, ಈಗ ಪೂರ್ತಿ ನಮಸ್ಕಾರ. ಪ್ಲಗ್ಗು ಕೊಳೆಯಾದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ, ಬೆಳ್ಳಿಯೆಂದು ವಿಭೂತಿ ಬೇಡ.

ಕುವೆಂಪುನಗರದ ಕೇಳುಗ

ಕಡೆಯದಾಗಿ ಒಂದು ಸಣ್ಣ ವರದಿ. ನಿನ್ನೆ ರಾತ್ರಿ ಎಲ್ಲ ಆರಿಸಿ ಮಲಗಿದ ಮೇಲೆ ಮನೆಯವಳು ಎಬ್ಬಿಸಿ, “ತಂಬೂರಿಯವನು ಇನ್ನೂ ಹೋಗಿಲ್ಲ, ಕೇಳಿ” ಎಂದಳು. ಕತ್ತಲಲ್ಲಿ ಕಿವಿಗೊಟ್ಟು ಹುಡುಕಿಕೊಂಡು ಹೋದೆ. ಫ್ರಿಜ್ಜು. ಐದು ಮನೆಗಿಂತ ಚೂರು ಮೇಲೆ. ಅದಕ್ಕೆ ಯಾವ ಕೇಬಲ್ ಒಳ್ಳೆಯದೆಂದು ದಯವಿಟ್ಟು ಯಾರೂ ಹೇಳಬೇಡಿ.